ಏಷ್ಯಾದ ತುದಿ ಬಲ್ಲ ಕಾಕಾ

ನಮ್ಮ ಕಾಕಾನಿಗೆ ಏಷ್ಯಾ ಖಂಡದ ನಾಲ್ಕೂ ತುದಿಗಳು ಬಾಯಿಪಾಠ. ತಮ್ಮ ಧೋತರದ ತುದಿ ಎಲ್ಲಿದೆ ಎಂಬುದಷ್ಟೇ ಗೊತ್ತಿರುವುದಿಲ್ಲ! ಅದು ನಮ್ಮೂರು ನಿಲಂಗಾದ ಬಜಾರಿನ ಧೂಳನ್ನೆಲ್ಲ ಗುಡಿಸುತ್ತ ಹಿಂದೆ ಬರುತ್ತಿರುತ್ತದೆ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಬಟ್ಟೆ ಅಂಗಡಿ ಅವರದು. ಗಿರಾಕಿ ಸೀರೆ ಕೇಳಿದರೆ ಸಾಕು, ಉದ್ದಕ್ಕೆ ಹಾಸಿ, "ಈ ಸೆರಗದಲ್ಲಾ, ಇದು ರಷ್ಯಾ. ಉತ್ತರದ ತುದಿ. ಇತ್ಲಾಗ ಬರ್ರಿ, ಮಲೇಷ್ಯಾ. ದಕ್ಷಿಣದ ತುದಿ!" ಎಂದು ಶುರು. ಒಮ್ಮೆ ಔರಾದ ಶಹಾಜನಿಯ ಹೆಣ್ಣುಮಗಳೊಬ್ಬಳು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ಖರೇ ಅದರಿ. ಆದ್ರ ಈ ಮಲೇಷ್ಯಾದ ಬಣ್ಣ ಹೋಗ್ತದೇನ್ರೀ?" ಎಂದಳು.

ನನ್ನ ತಂಗಿಯನ್ನು ನೋಡಲು ಉದಗೀರದವರು ಬಂದಾಗ ಕಾಕಾ ಸುಮ್ಮನಿದ್ದಾರೆಯೇ? "ಏಷ್ಯಾದ ಪಶ್ಚಿಮ ತುದಿ ಯಾವದ ಹೇಳ್ರಿ?" ಎಂದು ಹುಡುಗನನ್ನು ಕೇಳಿಯೇಬಿಟ್ಟರು.

"ಮುಂಬೈ?" ಎಂದ ಹುಡುಗ, ಬೆವರುತ್ತ.

"ಬಾಬಾ!" ಎಂದು ಕಾಕಾ ತೊಡೆ ತಟ್ಟಿ ಕೂಗಿದರು. ಪಕ್ಕದಲ್ಲಿ ಪೋಹೆ ತಿನ್ನುತ್ತಿದ್ದ ಹುಡುಗನ ಬಾಬಾ, ಅಂದರೆ ಹೆತ್ತ ತಂದೆ, ಬೆಚ್ಚಿಬಿದ್ದು "ಕಾಯ ಝಾಲಂ? ಏನಾತು?" ಎನ್ನುತ್ತ ಎದ್ದೇ ನಿಂತರು. ಆ ತುದಿ ಎಂದರೆ ಟರ್ಕಿಯ ಬಾಬಾ ಎಂಬ ಭೂಶಿರ ಎಂದು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ಚಹಾ ಆರಿಹೋಗಿತ್ತು, ಸಂಬಂಧವೂ.

ಇಂಥವರನ್ನು ಕನ್ಯಾಕುಮಾರಿಗೆ ಕರೆದೊಯ್ದದ್ದು ನಮ್ಮದೇ ತಪ್ಪು ಬಿಡಿ. ಊರವರೂ ಸುತ್ತಲಿನವರೂ ಸೇರಿ ಎರಡು ಬಸ್ಸು ಮಾಡಿದ್ದೆವು. ಸಮುದ್ರ ತೋರಿಸಿ ಗೈಡು, ಇಲ್ಲಿಗೆ ನೆಲ ಮುಗಿಯಿತು ಎಂದು ಹಿಂದಿಯಲ್ಲಿ ಹೇಳಿದ್ದೇ ತಡ, ಕಾಕಾ ಸಿಡಿದರು. "ಎಲ್ಲಿ ಮುಗೀತು? ಭಾರತದ್ದಷ್ಟೇ ಮುಗೀತು! ಏಷ್ಯಾದ್ದು ಇನ್ನಾ ಎಷ್ಟೋ ತೆಳಗದ!"

ವಾದ ಮುಗಿಯುವ ಲಕ್ಷಣ ಕಾಣಲಿಲ್ಲ. "ಬಸ್ ಹತ್ರಿ ಕಾಕಾ, ಮಲೇಷ್ಯಾ ಎಲ್ಲೂ ಓಡಿ ಹೋಗಂಗಿಲ್ಲ," ಎಂದೆ ನಾನು. ಎಲ್ಲರೂ ಗೊಳ್ಳೆಂದು ನಕ್ಕರು.

"ನಕ್ಕೋತ ಹೋಗ್ರಿ! ನಾ ನನ್ನ ದಾರಿಲೆ ಬರ್ತೀನಿ," ಎಂದು ಅವರು ದಂಡೆಗುಂಟ ನಡೆದೇಬಿಟ್ಟರು. ಅರ್ಧ ತಾಸು ಕಾದು ನಾವೂ ಹೊರಟೆವು. ಬಸ್ಸಿನಲ್ಲಿ ಎಂಥ ಶಾಂತಿ ಅಂತೀರಿ!

ಮಧ್ಯಾಹ್ನ ಊಟಕ್ಕೆ ನಿಂತಾಗ ಎರಡೂ ಬಸ್ಸು ಕೂಡಿದವು. ಮುರುಮದಿಂದ ಒಬ್ಬಳೇ ಬಂದಿದ್ದ ಅಜ್ಜಿಯೊಬ್ಬಳು ಆ ಬಸ್ಸಿನಲ್ಲಿದ್ದಾಳೆಂದು ನಾವು, ನಮ್ಮ ಬಸ್ಸಿನಲ್ಲಿದ್ದಾಳೆಂದು ಅವರು! ಇಷ್ಟು ಜನ ಶಾಣ್ಯಾರೂ ಊಟ ಬಿಟ್ಟೆದ್ದು ತಲೆ ಎಣಿಸತೊಡಗಿದೆವು. ಅಷ್ಟರಲ್ಲಿ ನನಗೊಂದು ಫೋನು ಬಂತು. ಯಾರದೋ ನಂಬರು, ಕಾಕಾನ ದನಿ.

"ತಮ್ಮಾ, ಆ ಮುರುಮದ ಆಯಿ ನನ್ನ ಕಡೆ ಅದಾಳ. ಕಾಲ ಉಳಕ್ಯಾದ, ಕಲ್ಲಿನ ಮ್ಯಾಲ ಅಳಕೋತ ಕುಂತಿದ್ಲು. ದವಾಖಾನಿಗಿ ತೋರಿಸೀನಿ."

"ತಿರುಗಿ ಬರ್ತೀವ್ರಿ ಕಾಕಾ."

"ಬ್ಯಾಡ. ಇವತ್ತ ಆಕಿಗಿ ಬಸ್ಸಿನಾಗ ಕುಂದ್ರಾಕ ಆಗಂಗಿಲ್ಲ. ನಾ ಕರಕೊಂಡು ಬರ್ತೀನಿ."

ನಾವು ಊರು ಮುಟ್ಟಿದ ಮೂರನೆಯ ದಿನ ಅವರಿಬ್ಬರನ್ನು ಕರೆತರಲು ಉಮರ್ಗಾ ಸ್ಟ್ಯಾಂಡಿಗೆ ಹೋದೆ. ಸೋಲಾಪುರದ ಬಸ್ಸಿನಿಂದ ಕಾಕಾ ಮೊದಲು ಇಳಿದು, ಅಜ್ಜಿಯನ್ನು ಎರಡೂ ಕೈಯಲ್ಲಿ ಹಿಡಿದು ಇಳಿಸಿಕೊಂಡರು. ಅಜ್ಜಿಯ ಕಾಲಲ್ಲಿ ಗಂಡಸರ ದೊಡ್ಡ ಚಪ್ಪಲಿ. ಕಾಕಾ ಬರಿಗಾಲು. ಕಾದ ಡಾಂಬರಿನ ಮೇಲೆ ಒಂದು ಕಾಲು ಎತ್ತಿ ಒಂದು ಇಡುತ್ತಿದ್ದರು.

"ನನ್ನ ಚಪ್ಪಲಿ ಸಮುದ್ರದಾಗ ಹೋದವಪ್ಪಾ," ಎಂದಳು ಅಜ್ಜಿ. "ಬಾತ ಕಾಲಿಗಿ ಹೊಸಾವ ಕೂಡಲಿಲ್ಲ. ತನಗರೆ ತಗೋ ಅಂದ್ರ, ನನ್ನ ಬಿಟ್ಟು ಎದ್ದೇ ಹೋಗಲಿಲ್ಲ ನೋಡು."

ನನ್ನ ಚಪ್ಪಲಿ ಕಳಚಿ ಕಾಕಾನ ಮುಂದಿಟ್ಟೆ.

"ಸಣ್ಣವಾಗ್ತಾವೋ ತಮ್ಮಾ," ಎಂದರು.

ಸಣ್ಣವೇ ಆದವು.