ಬೆಚ್ಚಗಿನ ಆಯೇರಿ

ಈ ಸಲ ತಾಂಡೂರಿನ ಮದುವೆಯಲ್ಲಿ ಮದುಮಗಳನ್ನು ಯಾರೂ ನೋಡಬಾರದು, ನಮ್ಮ ಮನೆಯವರನ್ನೇ ನೋಡಬೇಕು! ಹೀಗೆಂದು ಝಹೀರಾಬಾದಿನ ನಮ್ಮ ಅಡುಗೆಮನೆಯಲ್ಲಿ, ಒಂದು ಕೈಯಿಂದ ರೊಟ್ಟಿ ತಿರುವಿ ಹಾಕುತ್ತ, ಇನ್ನೊಂದು ಕೈಯಿಂದ ಕಿರಿಯವನ ಮೂಗು ಒರೆಸುತ್ತ ನಾನು ಶಪಥ ಮಾಡಿದೆ.

ನಾನು ಮೂರು ಗಂಡುಮಕ್ಕಳ ತಾಯಿ. ಮದುವೆಗೆ ಹೊರಡುವ ದಿನ ಮೂವರಿಗೂ ಎರೆದು, ತಲೆ ಬಾಚಿ, ಉಣಿಸಿ, ಗಂಡನ ಅಂಗಿಯ ಗುಂಡಿ ಹುಡುಕಿ ಕೊಡುವಷ್ಟರಲ್ಲಿ ಹೊರಗೆ ಟಾಂಗಾದವನು ಕೂಗುತ್ತಿರುತ್ತಾನೆ. ನನ್ನ ಪಾಲಿಗೆ ಉಳಿಯುವುದು ಮೈಮೇಲಿದ್ದ ಸೀರೆಯೇ! ಸೆರಗಿಗೆ ಅರಿಶಿನ, ನಿರಿಗೆಗೆ ಹಿಟ್ಟು. ನನ್ನ ಗಂಡನ ಅಕ್ಕ ತಾರಾಬಾಯಿ ತಾಂಡೂರಿನ ತೊಗರಿ ವ್ಯಾಪಾರಿಯ ಹೆಂಡತಿ. ಪ್ರತಿ ಸಲವೂ ಬಾಗಿಲಲ್ಲೇ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಬರೋ ಗಡಿಬಿಡ್ಯಾಗ ಅರಿವಿ ಬದಲಾಯಿಸೋದು ಮರ್ತಿ ಏನವಾ ಅಮೃತಾ?” ಎಂದು ಕೇಳುತ್ತಾರೆ. ಕೇಳುವುದು ಪ್ರೀತಿಯಿಂದಲೇ. ಆದರೆ ನಲವತ್ತು ಜನರ ಮುಂದೆ ಕೇಳುತ್ತಾರೆ! ಈಗ ಅವರ ಮಗಳದೇ ಮದುವೆ. ಈ ಸಲವೂ ಆ ಮಾತು ಕೇಳಿಸಿಕೊಂಡರೆ ನಾನು ಅಮೃತಬಾಯಿಯೇ ಅಲ್ಲ.

ಆದರೆ ಬಟ್ಟೆ ಎಲ್ಲಿಂದ ತರುವುದು? ಲಡಾಯಿಯ ಕಾಲ. ಎಲ್ಲೋ ಇಂಗ್ಲಿಷರಿಗೂ ಜರ್ಮನಿಯವರಿಗೂ ಜಗಳವಾದರೆ ಝಹೀರಾಬಾದಿನಲ್ಲಿ ನನಗೆ ಜಂಪರಿನ ಬಟ್ಟೆ ಸಿಗಬಾರದೇ? ಕಂಟ್ರೋಲ್ ಅಂಗಡಿಯಲ್ಲಿದ್ದದ್ದು ಒರಟು ಮಾದರಪಾಟು ಬಟ್ಟೆಯೊಂದೇ. ಅದನ್ನು ತೊಟ್ಟು ಹೋದರೆ ಜನ ನಮ್ಮನ್ನು ಹಿಟ್ಟಿನ ಚೀಲವೆಂದು ಮೂಲೆಗೆ ಸರಿಸಿಯಾರು!

ದಾರಿ ತೋರಿಸಿದವರು ಅತ್ತೆ ಪಾರ್ವತಿಬಾಯಿ. ಮಗಳ ಮನೆಯ ಕೆಲಸಕ್ಕೆಂದು ಅವರು ಎಂಟು ದಿನ ಮೊದಲೇ ಹೊರಟರು. ರೈಲು ಅಲುಗಾಡಿದ ಮೇಲೆ ಅವರಿಗೆ ಏನೋ ನೆನಪಾಯಿತು. ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು: “ಅಮೃತಾ! ದೊಡ್ಡ ಟ್ರಂಕಿನಾಗಿನ ಅರಿವಿ ಎಲ್ಲಾ ತೊಗೊಂಡ್ ಬಾ! ಒಂದೂ ಬಿಡಬ್ಯಾಡ!”

ದೊಡ್ಡ ಟ್ರಂಕು! ಅದರ ತುಂಬ ಇದ್ದದ್ದು ಆಯೇರಿಯ ಖಣಗಳು. ನಮ್ಮ ಕಡೆ ಮದುವೆಯಲ್ಲಿ ನೆಂಟರು ನೆಂಟರಿಗೆ ಬಟ್ಟೆ ಆಯೇರಿ ಮಾಡುತ್ತಾರೆ; ಗಂಡಸರಿಗೆ ರುಮಾಲು, ಹೆಂಗಸರಿಗೆ ಖಣ, ಅಂದರೆ ಕುಪ್ಪಸಕ್ಕಾಗುವ ಜರಿ ಅಂಚಿನ ತುಂಡು. ಪ್ರತಿ ಸಲ ಕೊಡುವ ಮುಂಚೆ ಒಂದು ಮೂಲೆಯಲ್ಲಿ ಒಂದು ಕುಂಕುಮದ ಬೊಟ್ಟು. ಹಸಿರು, ಹಳದಿ, ನೇರಳೆ ಎಂದು ಇಪ್ಪತ್ತಾದರೂ ಖಣಗಳು ಬೇವಿನ ಎಲೆಗಳ ನಡುವೆ ನಿದ್ದೆ ಮಾಡುತ್ತಿದ್ದವು. ಹದಿಮೂರು ವರ್ಷದಲ್ಲಿ ಅತ್ತೆ ನನ್ನ ಬೆರಳು ಸೋಕಲೂ ಬಿಟ್ಟಿರಲಿಲ್ಲ. ಇಂದು ತಾವಾಗಿಯೇ ಬಾಯಿ ಬಿಟ್ಟು ಹೇಳಿದರು!

ಆದರೂ ನಾನು ಹುಷಾರಿನ ಹೆಂಗಸು. ಗಂಡನನ್ನು ಕೇಳಿದೆ: “ರೀ, ಅಕ್ಕಾರ ಮನಿಗಿ ತವರಿನ ಆಯೇರಿ ಒಯ್ಯಬೇಕಲ್ಲ, ಅದು?”

ನನ್ನ ಗಂಡ ಮನ್ಮಥಪ್ಪ ಸರಕಾರಿ ಶಾಲೆಯ ಮಾಸ್ತರರು. ಹುಡುಗರ ಉತ್ತರದ ಹಾಳೆಗಳಿಂದ ತಲೆ ಎತ್ತದೆ, “ಅದರ ಫಿಕರ್ ನಿನಗ್ಯಾಕ? ಅವ್ವ ಎಲ್ಲಾ ಇಂತಜಾಮ್ ಮಾಡ್ಯಾಳ” ಎಂದರು.

ಮುಗಿಯಿತು! ಆಯೇರಿ ಅತ್ತೆಯ ಗಂಟಿನಲ್ಲಿ ಹೋಗಿದೆ, ಟ್ರಂಕಿನದು ನಮಗೆ. ನೆರೆಮನೆಯ ಸಾಯಮ್ಮನ ಕೈಮಷೀನು ಎರವಲು ತಂದು, ಮಕ್ಕಳು ಮಲಗಿದ ಮಧ್ಯಾಹ್ನಗಳಲ್ಲಿ ಹೊಲಿದೆ, ಹೊಲಿದೆ, ಮಷೀನು ಬಿಸಿಯಾಗುವಷ್ಟು ಹೊಲಿದೆ. ಹಸಿರಿನಲ್ಲಿ ನನಗೊಂದು ಉಬ್ಬುತೋಳಿನ ಜಂಪರ್. ನೇರಳೆಯಲ್ಲಿ ಮೂವರು ಹುಡುಗರಿಗೂ ಅಂಗಿ, ಚಡ್ಡಿ. ಚಡ್ಡಿಯ ಅಂಚಿಗೂ ಜರಿ! ಹಳದಿ ಖಣಗಳನ್ನು ಕೂಡಿಸಿ ಗಂಡನಿಗೊಂದು ಉದ್ದನೆಯ ಅಂಗಿ. ಒಗೆದರೆ ಹೊಸ ಹೊಳಪು ಹೋದೀತೆಂದು ಒಗೆಯಲಿಲ್ಲ. ಒಂದು ಖಣದ ಮೂಲೆಯಲ್ಲಿದ್ದ ಕುಂಕುಮದ ಬೊಟ್ಟುಗಳೆಲ್ಲ ಸರಿಯಾಗಿ ಗಂಡನ ಬೆನ್ನಿಗೇ ಬಂದವು. ಹೂವಿನ ಹಾಗೆ ಕಾಣುತ್ತಿದ್ದವು, ಹಾಗೇ ಬಿಟ್ಟೆ.

“ಇದು ಹಾಕ್ಕೊಂಡ್ರ ನಾ ಸೋದರಮಾವ ಕಾಣ್ತಿನೋ, ಮದಿಮಗ ಕಾಣ್ತಿನೋ?” ಎಂದು ಅವರು ಕನ್ನಡಿಯ ಮುಂದೆ ಗಾಬರಿಯಾದರು.

“ಕಮಾಲ್ ಕಾಣ್ತೀರಿ. ಸುಮ್ಮ ನಿಲ್ರಿ, ಸೂಜಿ ಚುಚ್ತದ!”

ಹಳೆಯ ಬಟ್ಟೆಯ ಗಂಟನ್ನು ಬೇಕೆಂದೇ ಮನೆಯಲ್ಲಿ ಬಿಟ್ಟೆ. ಹಳೆಯದು ಜೊತೆಗಿದ್ದರೆ ಹೊಸದರ ಗತ್ತು ಇಳಿಯುತ್ತದೆ ಎಂಬುದು ನನ್ನ ಸಿದ್ಧಾಂತ. ವಿಕಾರಾಬಾದಿನಲ್ಲಿ ಬದಲಿಸಬೇಕಾದ ರೈಲು ತಡವಾಗಿ ಬಂದು, ನಾವು ತಾಂಡೂರು ಮುಟ್ಟಿದಾಗ ಅಕ್ಕಿಕಾಳು, ಅಂದರೆ ಅಕ್ಷತೆ, ಬೀಳುವ ಹೊತ್ತು.

ಬಾಗಿಲಲ್ಲಿ ತಾರಾಬಾಯಿ ನಿಂತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕೆಳಗಿಂದ ಮೇಲೆ ನೋಡಿದರು. ಬಾಯಿ ತೆರೆದರು. ಆದರೆ ಆ ಹಳೆಯ ಮಾತು ಬರಲಿಲ್ಲ! ಕಡೆಗೆ, “ಅಯ್ಯ! ಅಮೃತಾ, ನೀನೇ ಏನು?” ಎಂದರು. ಆಹಾ! ಗೋಲ್ಕೊಂಡದ ಕೋಟೆ ಗೆದ್ದವನಿಗೂ ಅಷ್ಟು ಸುಖ ಸಿಕ್ಕಿರಲಿಕ್ಕಿಲ್ಲ. ಚಪ್ಪರದ ಹೆಂಗಸರೆಲ್ಲ ತಿರುಗಿ ನೋಡಿದರು. ನಾನು ತೋಳು ಇನ್ನಷ್ಟು ಉಬ್ಬಿಸಿಕೊಂಡು ನಡೆದೆ.

ಆ ಸುಖ ಒಂದು ಎಲೆಅಡಿಕೆ ಜಗಿಯುವಷ್ಟು ಹೊತ್ತು ಇತ್ತು. ಮನೂರಿನ ಲಕ್ಷ್ಮಿಬಾಯಿ ನಮ್ಮವರಿಗೆ ಸೋದರತ್ತೆ. ಅವರು ಕಣ್ಣು ಕಿರಿದು ಮಾಡಿ, “ಮನ್ಮಥಾ, ಜರಾ ತಿರುಗು ನೋಡಮಿ” ಎಂದರು. ಇವರು ತಿರುಗಿದರು.

“ಈ ಗಿಣಿ ಅಂಚಿಂದು ನಾ ಕೊಟ್ಟ ಖಣ!”

“ಹೌದೇನ್ರಿ? ಭಾಳ ಚಂದ ಅದರಿ” ಎಂದೆ ನಾನು ಹಿಗ್ಗಿ.

“ನಿಮಗೆಲ್ಲಿ ಕೊಟ್ಟಿನಿ? ಕಲ್ಹೇರಿನ ಸಾಬಮ್ಮಗ ಕೊಟ್ಟಿದ್ದೆ!”

ಸಾಬಮ್ಮ ಹಿಂದೆಯೇ ಕುಳಿತಿದ್ದರು. “ನಾ ಇವರವ್ವ ಪಾರ್ವತಿಬಾಯೋರಿಗಿ ಕೊಟ್ಟಿನಿ, ಖರೇ. ನೀವು ನನಗ ಕೊಡೋಮುಂದ ಅದರ ಮ್ಯಾಲ ಮೊದಲೇ ಎಷ್ಟು ಬೊಟ್ಟಿದ್ವು, ಹೇಳಲೇನು?” ಎಂದು ಎದ್ದು ಬಂದು ನನ್ನ ಗಂಡನ ಬೆನ್ನ ಮೇಲೆ ಎಣಿಸತೊಡಗಿದರು. “ಒಂದು, ಎರಡು, ಮೂರು...” ಏಳು! ಏಳು ಮದುವೆ ತಿರುಗಿ ಬಂದ ಖಣ! ಶಾಲೆಯಲ್ಲಿ ಹುಡುಗರಿಗೆ ಎಣಿಕೆ ಹೇಳಿಕೊಡುವ ಮಾಸ್ತರರು ಗೋಡೆಗೆ ಮುಖ ಮಾಡಿ, ಎಣಿಸಲು ಬೆನ್ನು ಕೊಟ್ಟು ನಿಂತರು.

ಅಷ್ಟಾದದ್ದೇ ತಡ, ಚಪ್ಪರದ ಹೆಂಗಸರೆಲ್ಲ ನಮ್ಮ ಮೈಮೇಲೆ ತಮ್ಮ ತಮ್ಮ ಖಣ ಹುಡುಕತೊಡಗಿದರು. “ಈ ಚಡ್ಡಿ ನಂದು!” “ಆ ತೋಳು ನಾ ನಿನಗ ಕೊಟ್ಟಿದ್ದು, ನೀ ಯಾರಿಗಿ ದಾಟಿಸಿದಿ?” ಎಲ್ಲರೂ ಎಲ್ಲರಿಗೂ ದಾಟಿಸಿದವರೇ! ಅದು ಎಲ್ಲರಿಗೂ ಗೊತ್ತಿದ್ದದ್ದೇ. ಟ್ರಂಕಿನಿಂದ ಟ್ರಂಕಿಗೆ ಹೋಗುತ್ತಿದ್ದಾಗ ಯಾರಿಗೂ ತಕರಾರಿರಲಿಲ್ಲ. ಕಡೆಗೆ ಜಗಳಾಡುತ್ತಿದ್ದವರೆಲ್ಲ ಒಂದಾಗಿ ನನ್ನ ಕಡೆ ತಿರುಗಿದರು: “ಆಯೇರಿ ಖಣ ಯಾರಾದ್ರೂ ಹೊಲಿತಾರೇನವಾ?”

ಅಷ್ಟರಲ್ಲಿ ಮಂಟಪದಿಂದ, ಮದುವೆ ಮಾಡಿಸುತ್ತಿದ್ದ ಅಯ್ಯನವರ ಕೂಗು ಬಂತು: “ಸೋದರಮಾವನ ಆಯೇರಿ ಬರ್ಲಿ!”

ಅತ್ತೆ ಖಾಲಿ ಹರಿವಾಣ ಹಿಡಿದು ಓಡಿಬಂದರು. “ಟ್ರಂಕು ಎಲ್ಲದ?”

“ಮನ್ಯಾಗದರಿ ಅತ್ತಿ.”

“ಮನ್ಯಾಗ? ಅರಿವಿ?”

“ತಂದೀವಲ್ರಿ. ಒಂದೂ ಬಿಟ್ಟಿಲ್ಲ.”

ಅತ್ತೆ ನನ್ನನ್ನು ನೋಡಿದರು, ಮಗನನ್ನು ನೋಡಿದರು, ಮೊಮ್ಮಕ್ಕಳನ್ನು ನೋಡಿದರು. ನನಗೆ ಆಗ ಅರ್ಥವಾಯಿತು. ತವರಿನ ಆಯೇರಿ ಬರದಿದ್ದರೆ ತಾರಾಬಾಯಿ ಹೊಸ ಬೀಗರ ಮುಂದೆ ಹೇಗೆ ತಲೆ ಎತ್ತಬೇಕು? ಎಷ್ಟು ಚುಚ್ಚಿದರೂ ನನ್ನ ಮೂರೂ ಬಾಣಂತನಕ್ಕೆ ಓಡಿಬಂದವರು ಅವರೇ. ನನಗೆ ನಿಜಕ್ಕೂ ಅಳು ಬಂತು.

“ಆಮ್ಯಾಲ ಅಳು! ಮೊದಲ ಬಿಚ್ಚು!” ಎಂದರು ಅತ್ತೆ.

ಐವರನ್ನೂ ತೊಗರಿ ಚೀಲಗಳ ಕೋಣೆಗೆ ತಳ್ಳಿದರು. ನಾನು ಜಂಪರ್ ಬಿಚ್ಚಿ ಸೆರಗನ್ನು ಕುತ್ತಿಗೆಯವರೆಗೆ ಸುತ್ತಿಕೊಂಡೆ. ಹುಡುಗರ ಬಟ್ಟೆ ಇಳಿದವು. ಕಿರಿಯವನು ಚಡ್ಡಿ ಬಿಡಲೊಲ್ಲೆ ಎಂದು ಚೀಲ ಹತ್ತಿದ, ಹಿಡಿದು ಎಳೆದೆವು.

“ಅವ್ವಾ, ನಾ ಮಾಸ್ತರ ಇದ್ದೀನಿ!” ಎಂದರು ನನ್ನ ಗಂಡ, ಅಂಗಿಯನ್ನು ಎರಡೂ ಕೈಯಿಂದ ಹಿಡಿದು.

“ಮೊದಲ ಸೋದರಮಾವ ಇದ್ದಿ! ತೆಗಿ!”

ಹರಿವಾಣ ತುಂಬಿಕೊಂಡು ಹೋಯಿತು. ಬಾಗಿಲ ಸಂದಿಯಲ್ಲಿ ಐದು ತಲೆ ಒಂದರ ಮೇಲೊಂದು ಇಟ್ಟು ನೋಡಿದೆವು. ಅಯ್ಯನವರು ಒಂದೊಂದನ್ನೇ ಎತ್ತಿ ಸಾರಿದರು: “ಮದಿಮಗಗ ಜರಿ ಅಂಗಿ ಒಂದು! ಬೀಗತ್ಯಾರಿಗಿ ಜಂಪರ್ ಒಂದು! ಸಣ್ಣ ಅಂಗಿ ಮೂರು! ಮತ್ತ... ಮತ್ತ...” ಅವರ ದನಿ ಇಳಿಯಿತು. “ಚಡ್ಡಿ... ಮೂರು.”

ಮದುಮಗನ ತಾಯಿ, ಕರಣಕೋಟದ ಸುಮಿತ್ರಾಬಾಯಿ, ಒಂದು ಚಡ್ಡಿ ಎತ್ತಿಕೊಂಡು ಹುಬ್ಬು ಏರಿಸಿದರು.

“ಇದ್ಯಾಕ ಬೆಚ್ಚಗದ?”

“ಈಗರೇ ಇಸ್ತ್ರಿ ಮಾಡ್ಸಿ ತಂದೀವ್ರಿ!” ಎಂದರು ಅತ್ತೆ, ಕಣ್ಣು ಮಿಟುಕಿಸದೆ.

“ಯಾರಿಗಿದು?”

“ಇನ್ಯಾರಿಗ್ರಿ? ನಿಮಗ ಹುಟ್ಟೋ ಮೊಮ್ಮಕ್ಕಳಿಗಿ! ನಮ್ಮ ಮನಿತನದಾಗ ಹಂಗ ರಿವಾಜ್ ಅದ. ಸಣ್ಣಂದು, ನಡುವಿಂದು, ದೊಡ್ಡಂದು, ಮೂರೂ ಅಳತಿ ಒಮ್ಮೇ ಕೊಟ್ಟು ಬಿಡ್ತೀವಿ!”

ಸುಮಿತ್ರಾಬಾಯಿಯ ಮುಖ ಅರಳಿತು. “ಎಂಥ ಮನಸಿನ ಮಂದಿ!” ಎಂದು ಚಡ್ಡಿಯನ್ನು ಕಣ್ಣಿಗೊತ್ತಿಕೊಂಡರು. ಮದುಮಗಳು ನಾಚಿ ಮುಖ ಮುಚ್ಚಿಕೊಂಡಳು. ಮದುಮಗ ಎದ್ದು ನನ್ನ ಗಂಡನ ಅಂಗಿ ತೊಟ್ಟು ನಿಂತ. ನಿಜ ಹೇಳಬೇಕೆಂದರೆ, ಅವನಿಗೇ ಹೆಚ್ಚು ಒಪ್ಪುತ್ತಿತ್ತು! ಅವನ ಬೆನ್ನು ನೋಡಿದ ಲಕ್ಷ್ಮಿಬಾಯಿಯೂ ಸಾಬಮ್ಮನೂ ನಗು ತಡೆಯಲು ಸೆರಗು ಬಾಯಿಗೆ ತುರುಕಿಕೊಂಡರು.

ಸ್ವಲ್ಪ ಹೊತ್ತಿಗೆ ತಾರಾಬಾಯಿ ಕೋಣೆಗೆ ಬಂದರು, ಹಿಂದೆಯೇ ಅತ್ತೆ. ಬೀಗರು ಖುಷಿಯಾಗಿ ನಮಗೆ ಮರಳಿ ಆಯೇರಿ ಮಾಡಿದ್ದರು: ಹೊಚ್ಚ ಹೊಸ ಖಣಗಳು, ಒಂದು ರೇಷ್ಮೆ ರುಮಾಲು. ತಾರಾಬಾಯಿ ನಮ್ಮನ್ನು ನೋಡಿದರು. ಬನಿಯನ್ನಿನ ತಮ್ಮ, ಸೆರಗಿನ ಗಂಟಾಗಿದ್ದ ನಾನು, ಖಾಲಿ ಚೀಲ ಹೊದ್ದ ಮೂರು ಹುಡುಗರು. ತೊಗರಿ ಚೀಲದ ಮೇಲೆ ಕುಸಿದು ಕುಳಿತು ಕಣ್ಣೀರು ಬರುವವರೆಗೂ ನಕ್ಕರು. ನಾನು ಕಿರಿಯವನಿಗೆ ಸುತ್ತಲೆಂದು ರುಮಾಲಿಗೆ ಕೈ ಹಾಕಿದೆ.

ಅತ್ತೆ ನನ್ನ ಕೈಗೆ ಫಟ್ಟೆಂದು ಹೊಡೆದರು. “ಕೈ ತೆಗಿ! ಬರೋ ತಿಂಗಳು ಮನೂರಾಗ ಮದಿವಿ ಅದ!”

ನನ್ನ ಗಂಡನಿಗೆ ತಡೆಯಲಾಗಲಿಲ್ಲ. “ಅವ್ವಾ, ಅದರ ಸಂಗಾಟ ನನ್ನೂ ಮಡಚಿ ಟ್ರಂಕಿನಾಗ ಇಟ್ಟುಬಿಡು. ನಿನ್ನ ಮಗ ಆಗೋದಕ್ಕಿಂತ ನಿನ್ನ ಖಣ ಆಗೋದೇ ಇಜ್ಜತ್ತು!”

ಅತ್ತೆ ಮಗನನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ ನಿಟ್ಟುಸಿರುಬಿಟ್ಟರು.

“ಇಡ್ತಿದ್ದೆನಪ್ಪಾ. ಆದ್ರ ಇಕಿ ನಿನ್ನೂ ಕತ್ರಿಸಿ ಮೂರು ಚಡ್ಡಿ ಮಾಡ್ಯಾಳು!”