ಕಂಪ್ಯೂಟರಿಗೆ ಕಣಜ ಬೇಕಂತೆ

ರಮಾ: ನೀವು ಮುಟ್ಟೇ ಇಲ್ಲ ಅಂದ್ರೆ ಅದು ತಾನಾಗೇ ಕೆಟ್ಟೋಯ್ತಾ?

ನಾನು: ಕೆಟ್ಟಿಲ್ಲ ಕಣೇ. ಲಿನಕ್ಸ್ ಕೆಡಲ್ಲ. ಯೋಚ್ನೆ ಮಾಡ್ತಾ ಐತೆ.

ರಮಾ: ಏಳು ಗಂಟೆಯಿಂದಾನಾ?

(ಶನಿವಾರ ಬೆಳಿಗ್ಗೆ, ಅವಲಪಲ್ಲಿಯ ನಮ್ಮ ಮನೆ. ನನ್ನ ಹೆಂಡತಿ ರಮಾದೇವಿ ಹೊಸೂರಿನ ಶಾಲೆಯೊಂದರಲ್ಲಿ ಕನ್ನಡ ಟೀಚರ್. ಶಾಲೆಯ ವಾರ್ಷಿಕೋತ್ಸವಕ್ಕೆಂದು ಮೂರು ವಾರ ಕೂತು ನಾಟಕವೊಂದನ್ನು ಬರೆದು ಟೈಪ್ ಮಾಡಿದ್ದಳು. ಹತ್ತೂವರೆಗೆ ರಿಹರ್ಸಲ್. ಮಕ್ಕಳು ಶಾಲೆಯಲ್ಲಿ, ನಾಟಕ ಕಂಪ್ಯೂಟರಿನಲ್ಲಿ, ಅಡ್ಡ ನಾನು. ಅದರಲ್ಲಿ ಮೊದಲಿದ್ದ ಆಪರೇಟಿಂಗ್ ಸಿಸ್ಟಮ್ ಚೆನ್ನಾಗಿಯೇ ನಡೆಯುತ್ತಿತ್ತು. ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಗೆಳೆಯ ಮುನೀಶ್, "ತಿಳಿದೋರೆಲ್ಲ ಲಿನಕ್ಸೇ ಇಟ್ಕೊಳ್ಳೋದು" ಅಂದ. ತಿಳಿದವನಾಗೋ ಆಸೆಗೆ ಅದನ್ನು ಕಿತ್ತು ಇದನ್ನು ಹಾಕಿದೆ.)

ರಮಾ: ಇಲ್ಲೇನೋ ಬರ್ದೈತೆ ನೋಡ್ರಿ. ಫೇಲ್ ಅಂತೈತೆ.

ನಾನು: ಅದನ್ನೆಲ್ಲ ಓದ್ಬಾರ್ದು. ಅದರ ಪಾಡಿಗದು ಬರ್ಕೊಂತೈತೆ.

ರಮಾ: ಹದಿನೇಳು ವರ್ಷದಿಂದ ಮೇಷ್ಟ್ರ ಕೆಲ್ಸ ಮಾಡ್ತಿದೀನಿ. ಫೇಲ್ ಅಂದ್ರೇನು ಅಂತ ನಂಗೆ ಹೇಳ್ಕೊಡ್ತೀರಾ?

ನಾನು: ಇರು, ಆಫ್ ಮಾಡಿ ಆನ್ ಮಾಡ್ತೀನಿ.

ರಮಾ: ಒಂಬತ್ತು ಸಲ ಆಯ್ತು.

ನಾನು: ಒಂಬತ್ತೂ ಬೇರೆ ಬೇರೆ ಥರ ಮಾಡಿದೀನಿ.

(ಅವರೆಕಾಯಿ ಮೊರ ಹಿಡಿದುಕೊಂಡು ನಮ್ಮಮ್ಮ ಮುನಿರತ್ನಮ್ಮ ಬಂದು, ಬಾಗಿಲಿಗೆ ಒರಗಿ ಕೂತಳು.)

ಅಮ್ಮ: ಏನ್ಲಾ ಮೂರ್ತಿ, ಏನಾಯ್ತು ಅದಕ್ಕೆ?

ನಾನು: ಬೂಟ್ ಆಗ್ತಿಲ್ಲಮ್ಮ.

ಅಮ್ಮ: ಬೂಟಾ? ಫ್ಯಾಕ್ಟ್ರಿ ಬೂಟು ಬಾಗ್ಲತ್ರಾನೇ ಬಿದ್ದೈತಲ್ಲೋ.

ರಮಾ: ಅದಲ್ಲ ಅತ್ತೆ. ಇವ್ರು ಇದರ ತಲೆ ಕೆಡ್ಸವ್ರೆ. ರೀ, ಒಂದು ಪದ ಮತ್ತೆ ಮತ್ತೆ ಬತ್ತಾ ಐತೆ. ಕೆ, ಎ, ಎನ್, ಎ, ಜೆ, ಎ. ಏನ್ರೀ ಇದು?

ನಾನು: ಕನಾಜಾ. ಟೆಕ್ನಿಕಲ್ ಪದ. ಇಂಜಿನಿಯರ್‌ಗಳಿಗೆ ಮಾತ್ರ ಗೊತ್ತಿರ್ತೈತೆ.

(ಆ ಪದವನ್ನು ನಾನೂ ಎಲ್ಲೋ ನೋಡಿದ ಹಾಗಿತ್ತು. ಹಾಗಾದರೆ ನಾನೂ ಅರ್ಧ ಇಂಜಿನಿಯರೇ ಎಂದು ಒಳಗೊಳಗೇ ಹಿಗ್ಗಿದೆ.)

ಅಮ್ಮ: ಕಣಜಾನಾ? ಅಯ್ಯೋ ಮಗನೇ, ಡಬ್ಬದೊಳಕ್ಕೆ ಕಣಜದ ಹುಳ ಸೇರ್ಕೊಂಡೈತೆ ಕಣ್ಲಾ! ಮೊನ್ನೆ ಕಿಟ್ಕಿ ತಾವ ಗೂಡು ಕಟ್ತಿತ್ತು.

ನಾನು: ಹುಳ ಸೇರ್ಕೊಂಡ್ರೆ ಕಂಪ್ಯೂಟರು ಹೆಸ್ರಿಟ್ಟು ಹೇಳ್ತದೇನಮ್ಮ?

ಅಮ್ಮ: ನೀನೇ ಅಂದ್ಯಲ್ಲ, ಅದಕ್ಕೆ ಎಲ್ಲಾ ಗೊತ್ತಾಯ್ತದೆ ಅಂತ.

(ತಲೆಗೆ, ಮುಖಕ್ಕೆ ಟವೆಲ್ ಸುತ್ತಿಕೊಂಡು, ಒಂದು ಕೈಯಲ್ಲಿ ಸ್ಕ್ರೂಡ್ರೈವರ್, ಇನ್ನೊಂದರಲ್ಲಿ ಪೊರಕೆ ಹಿಡಿದು ಡಬ್ಬ ಬಿಚ್ಚಿದೆ. ಒಳಗೇನೋ ಅಲುಗಾಡಿತು. ನಾನು ಮಂಚದ ಮೇಲಿದ್ದೆ. ಯಾವಾಗ ಹತ್ತಿದೆನೋ ತಿಳಿಯದು.)

ರಮಾ: ಇಳೀರಿ, ಅದು ಧೂಳು. ಫ್ಯಾನ್ ಗಾಳಿಗೆ ಹಾರ್ತು.

ನಾನು: ಗೊತ್ತು ಗೊತ್ತು. ಮೇಲಿಂದ ನೋಡ್ದ್ರೆ ವೈರೆಲ್ಲ ಚೆನ್ನಾಗಿ ಕಾಣ್ತವೆ.

(ಇಳಿದು ಬಂದು, ರ‍್ಯಾಮ್ ತೆಗೆದು ರಬ್ಬರಿನಿಂದ ಉಜ್ಜಿದೆ. ಊದಿದೆ. ಮತ್ತೆ ಸಿಕ್ಕಿಸಿದೆ. ಹತ್ತನೇ ಸಲ ಆನ್ ಮಾಡಿದರೂ ಅದೇ ಕಪ್ಪು ಪರದೆ, ಅದೇ ಬಿಳಿ ಸಾಲುಗಳು. ರಮಾ ಬೈಯಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಕೂತಳು. ಬೈದಿದ್ದರೇ ಚೆನ್ನಾಗಿತ್ತು.)

ರಮಾ: ಕ್ಲಾಸಲ್ಲಿ ಮಾತೇ ಆಡ್ದೆ ಇದ್ದ ಹುಡ್ಗಿ ಒಬ್ಳು ರಾಣಿ ಪಾರ್ಟು ಮಾಡ್ತೀನಿ ಅಂದವ್ಳೆ. ಅವ್ಳಿಗೇನು ಹೇಳ್ಲಿ? ಇನ್ನೊಂದು ಕಾಪಿ ಇಟ್ಟಿದೀನಿ ಅಂದಿದ್ರಲ್ಲ, ಎಲ್ಲೈತೆ?

ನಾನು: ಐತೆ. ಭದ್ರವಾಗಿ ಐತೆ. ಎಲ್ಲಿ ಅನ್ನೋದೇ...

(ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ಪರದೆಯನ್ನೇ ದಿಟ್ಟಿಸುತ್ತಿದ್ದಳು.)

ರಮಾ: ಅತ್ತೆ, ಕಣಜ ಅಂದ್ರೆ ಹುಳ ಒಂದೇ ಅಲ್ವಲ್ಲ?

ಅಮ್ಮ: ರಾಗಿ ತುಂಬಿಡ್ತಿದ್ವಲ್ಲ, ಅದೂ ಕಣಜಾನೇ ಅಲ್ವೇನಮ್ಮ.

ರಮಾ: ರೀ, ಏನನ್ನಾದ್ರೂ ತುಂಬಿಡಕ್ಕೆ ಅಂತ ನೀವು ಕಣಜ ಅನ್ನೋ ಹೆಸ್ರು ಇಟ್ಟಿದ್ರಾ?

(ಪೊರಕೆ ಕೈಯಿಂದ ಜಾರಿತು. ಹೊರಗಿಂದ ಸಿಕ್ಕಿಸುವ ಹಾರ್ಡ್ ಡಿಸ್ಕಿಗೆ ಆ ಹೆಸರಿಟ್ಟವನು ನಾನೇ. ದಿನಾ ಆನ್ ಆಗುವಾಗ ಈ ಡಿಸ್ಕ್ ಸಿಕ್ಕಿದರೇ ಮುಂದಕ್ಕೆ ಹೋಗು ಎಂದು ಲಿನಕ್ಸಿಗೆ ಒಂದು ಸಾಲು ಬರೆದಿಟ್ಟವನೂ ನಾನೇ.)

ರಮಾ: ಆ ಡಿಸ್ಕ್ ಎಲ್ಲಿ?

ನಾನು: ಮುನೀಶ ಸಿನಿಮಾ ಹಾಕ್ಕೊಡ್ತೀನಿ ಅಂತ ನಿನ್ನೆ ತಗೊಂಡೋಗ್ಬುಟ್ಟ.

ರಮಾ: ನಾಟಕದ ಇನ್ನೊಂದು ಕಾಪಿ?

ನಾನು: ಅದ್ರಲ್ಲೇ.

ರಮಾ: ಡಿಸ್ಕ್ ಬೇಕೇ ಬೇಕು ಅಂತ ನೀವೇ ಬರ್ದು, ನೀವೇ ಅದನ್ನ ಬೇರೆಯವ್ರಿಗೆ ಕೊಟ್ಟು, ಪಾಪ ಅದು ಬಾಯಿ ಬಿಟ್ಟು ಕೇಳಿದ್ರೆ ಇಂಜಿನಿಯರ್ ಪದ ಅಂದ್ರಲ್ರೀ!

ನಾನು: ಆ ಸಾಲು ಅಳ್ಸಿದ್ರೂ ಸರಿಹೋಯ್ತದೆ. ಎರಡೇ ನಿಮಿಷ...

ರಮಾ: ನೀವು ಇನ್ನೇನೂ ಅಳ್ಸೋದು ಬೇಡ. ಫೋನ್ ಮಾಡಿ.

(ಮುನೀಶ್ ಪಕ್ಕದ ಆಲಸನತ್ತಂನಿಂದ ಗಾಡಿ ಹತ್ತಿ ಹತ್ತೇ ನಿಮಿಷಕ್ಕೆ ಬಂದ. ಬಿಚ್ಚಿ ಹರಡಿದ್ದ ಡಬ್ಬ ನೋಡಿದ. ಪೊರಕೆ ನೋಡಿದ. ಟವೆಲ್ ಸುತ್ತಿದ್ದ ನನ್ನನ್ನೂ ನೋಡಿದ.)

ಮುನೀಶ್: ಎನ್ನಣ್ಣಾ, ಏನಣ್ಣಾ ಇದು? ಡಿಸ್ಕ್ ಇಲ್ಲ ಅಂತ ಅದೇ ಬರ್ದಿತ್ತಲ್ಲ. ಓದ್ಲಿಲ್ವಾ?

ನಾನು: ಓದ್ದೆ. ಒಪ್ಕೊಳ್ಳಿಲ್ಲ.

(ಡಿಸ್ಕ್ ಸಿಕ್ಕಿಸಿ ಆನ್ ಮಾಡಿದರೆ, ಏನೂ ಆಗಿಯೇ ಇಲ್ಲವೆಂಬಂತೆ ಕಂಪ್ಯೂಟರು ತೆರೆದುಕೊಂಡಿತು. ನಾಟಕ ಇದ್ದಲ್ಲೇ ಇತ್ತು. ರಮಾ ಪ್ರಿಂಟ್ ಕೊಟ್ಟು, ಬಿಸಿ ಹಾಳೆಗಳನ್ನು ಒಂದೊಂದಾಗಿ ಎದೆಗೆ ಒತ್ತಿಕೊಂಡು ಜೋಡಿಸಿದಳು. ರಾಣಿಯ ಮಾತು ಬರುವ ಪುಟವನ್ನು ಎರಡು ಸಲ ಓದಿದಳು. ನನಗೂ ಉಸಿರು ಬಂತು. ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. ಹೆಡ್‌ಮಾಸ್ಟರ್ ರಾಮಕೃಷ್ಣಪ್ಪನವರು. ದನಿ ನನಗೂ ಕೇಳಿಸುವಷ್ಟು ಜೋರು.)

ಹೆಡ್‌ಮಾಸ್ಟರ್: ಏನಮ್ಮ, ಸ್ಕೂಲ್ ಲ್ಯಾಬಲ್ಲಿ ಒಂದು ಕಂಪ್ಯೂಟ್ರು ಆನ್ ಆಗ್ತಿಲ್ಲ. ನಿಮ್ಮ ಯಜಮಾನ್ರು ಇದ್ರಲ್ಲಿ ಭಾರಿ ಕಿಲಾಡಿ ಅಂತೆ? ಜೊತೇಲೇ ಕರ್ಕೊಂಡು ಬರ್ತೀರಾ?

(ನಾನು ಟವೆಲ್ ಬಿಚ್ಚಿ ಎಸೆದು, ತಲೆ ಬಾಚಿ, ಸ್ಕ್ರೂಡ್ರೈವರನ್ನು ಜೇಬಿಗಿಟ್ಟುಕೊಂಡು ನಿಂತೆ.)

ರಮಾ: ಅಯ್ಯೋ ಸಾರ್, ಅವ್ರು ಊರಲ್ಲೇ ಇಲ್ಲ. ನಾಟ್ರಾಂಪಾಳ್ಯಕ್ಕೆ ಹೋಗವ್ರೆ. ಬರೋದು ಸೋಮವಾರಾನೇ.

(ಫೋನ್ ಇಟ್ಟು, ಹಾಳೆಗಳನ್ನು ಬ್ಯಾಗಿಗೆ ತುರುಕಿದಳು.)

ನಾನು: ಎದುರಿಗೇ ನಿಂತಿದೀನಿ. ಟೀಚರ್ ಆಗಿ ಸುಳ್ಳು ಹೇಳ್ತೀಯಲ್ಲೇ?

ರಮಾ: ನಮ್ಮನೇಲಿರೋದು ಒಂದು ಕಂಪ್ಯೂಟ್ರು. ಅಲ್ಲಿ ಹದಿನಾರವೆ.