ಗ್ರಾಫಿಕ್ಸ್ ಎಂಜಿನ್ನಿಗೆ ಕನ್ನಡದ ಹೊದಿಕೆ

ನನಗೆ ಹೆದರಿಕೆಯಾದಾಗಲೆಲ್ಲ ನಗುವಂಥದ್ದೊಂದು ಆಗಿಯೇ ತೀರುತ್ತದೆ. ನಗುವವರು ಮಾತ್ರ ಯಾವಾಗಲೂ ಬೇರೆಯವರು. ಮದುವೆಯಾಗಿ ಕುಂದಾಪುರದ ಕಡೆಯಿಂದ ಮದ್ರಾಸಿಗೆ ಬಂದ ದಿನದಿಂದ ಹೀಗೆಯೇ ನಡೆದಿದೆ. ಊರು ಹೆಸರು ಬದಲಾಯಿಸಿಕೊಂಡು ಚೆನ್ನೈ ಆಯಿತು, ನನ್ನ ಹಣೆಬರಹ ಬದಲಾಗಲಿಲ್ಲ.

ಈ ಸಲದ ಹೆದರಿಕೆ ನಮ್ಮ ಕನ್ನಡ ಸಂಘದ ಭಾನುವಾರದ ತರಗತಿಯದ್ದು. ಎಗ್ಮೋರಿನ ಹತ್ತಿರ, ಸಂಘದ ಮಹಡಿಯ ಕೋಣೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುವವಳು ನಾನು. ಮಕ್ಕಳು ಬರಬರುತ್ತಾ ಕಡಿಮೆಯಾದರು. ಒಂದು ದಿನ ಕಾರ್ಯದರ್ಶಿಗಳು ಬಂದು, "ಅಮ್ಮಾ, ಈ ಕೋಣೆಯನ್ನು ಯೋಗದವರು ಕೇಳುತ್ತಿದ್ದಾರೆ. ವಾರ್ಷಿಕೋತ್ಸವದಲ್ಲಿ ನಿಮ್ಮ ಮಕ್ಕಳು ಏನಾದರೂ ಹೊಸದು ಮಾಡಿ ತೋರಿಸಿದರೆ ತರಗತಿ ಉಳಿಸೋಣ. ಇಲ್ಲದಿದ್ದರೆ ಕಷ್ಟ" ಎಂದರು. ಆ ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ಮಕ್ಕಳು ಕನ್ನಡದಲ್ಲಿ ಟೈಪ್ ಮಾಡಿದರೆ ಕಂಪ್ಯೂಟರು ಚಿತ್ರ ಬಿಡಿಸುತ್ತದೆ, ಅದನ್ನೇ ತೋರಿಸುತ್ತೇವೆ."

ಹಾಗೆ ಬಿಡಿಸುತ್ತದೆಯೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

ಬರೀ ಎಲೆ

ಕಾಲೇಜಿನಲ್ಲಿ ಕಂಪ್ಯೂಟರ್ ಓದುವ ಮೊಮ್ಮಗಳನ್ನು ಹಿಡಿದೆ. ನಾನು ಕನ್ನಡದಲ್ಲಿ ಕೇಳುವುದು, ಅವಳು ತಮಿಳಿನಲ್ಲಿ ಉತ್ತರಿಸುವುದು ನಮ್ಮ ಮನೆಯ ರೂಢಿ. "ಮುಡಿಯುಂ ಅಜ್ಜಿ" ಎಂದಳು. ಆಗುತ್ತದೆ ಅಂತ. ಚಿತ್ರ ಬಿಡಿಸುವುದಕ್ಕೇ ಗ್ರಾಫಿಕ್ಸ್ ಎಂಜಿನ್ ಅಂತ ಒಂದಿದೆ. ಅದಕ್ಕೆ ತಿಳಿಯುವುದು ಅದರದೇ ಉದ್ದುದ್ದ ಇಂಗ್ಲಿಷ್ ಅಪ್ಪಣೆಗಳು. ಆ ಅಪ್ಪಣೆಯನ್ನು ಒಳಗಿಟ್ಟು, ಹೊರಗೆ ನಮಗೆ ಬೇಕಾದ ಪುಟ್ಟ ಹೆಸರು ಕೊಟ್ಟರೆ ಅದು ರ‍್ಯಾಪರ್ ಫಂಕ್ಷನ್. ಮಗು 'ಚೌಕ' ಎಂದು ಬರೆದರೆ ಸಾಕು, ಒಳಗಿನ ಇಂಗ್ಲಿಷು ತಾನಾಗಿ ಕೆಲಸ ಮಾಡುತ್ತದೆ.

ನಮ್ಮ ಯಜಮಾನರು ಜೀವಮಾನವಿಡೀ ಹೋಟೆಲು ನಡೆಸಿದವರು. "ರ‍್ಯಾಪರ್ ಅಂದರೆ ಎಂಥದು?" ಎಂದು ಕೇಳಿದರು.

"ಸುತ್ತಿ ಕೊಡುವುದು. ಒಳಗಿನದ್ದು ಹೊರಗೆ ಕಾಣದ ಹಾಗೆ."

"ಪಾರ್ಸೆಲ್ಲಾ? ಅದಕ್ಕೆ ಕಾಲೇಜಿನವಳು ಬೇಕಾ ಮಾರಾಯ್ತಿ?"

ನಾನು ಬರೆದ ಮೊದಲ ರ‍್ಯಾಪರ್ 'ಚೌಕ'. ಓಡಿಸಿದೆ. ಪರದೆಯೆಲ್ಲ ಕಪ್ಪು. ಯಂತ್ರವನ್ನೇ ಕೆಡಿಸಿದೆನೆಂದು ಹೆದರಿದೆ. ಮುಚ್ಚಳ ಮುಚ್ಚಿ, ಅದು ಬಿಸಿಯಾಗುತ್ತಿದೆಯೇ ಎಂದು ಮೇಲೆ ಕೈಯಿಟ್ಟು ಕೂತೆ. ಮೊಮ್ಮಗಳು ಬಂದು ನೋಡಿದಳು. ಹೆಸರು ಸರಿಯಾಗಿ ಕೊಟ್ಟಿದ್ದೇನೆ, ಆದರೆ ಎಂಜಿನ್ನಿಗೆ ಹೇಳಬೇಕಾದ ಅಪ್ಪಣೆಯನ್ನು ಒಳಗೆ ಹಾಕಿಯೇ ಇಲ್ಲ.

ಯಜಮಾನರಿಗೆ ತಕ್ಷಣ ಅರ್ಥವಾಯಿತು. "ಬರೀ ಎಲೆ ಕಟ್ಟಿ ಕೊಟ್ಟಿದ್ದೀಯ. ಇಂಥದ್ದಕ್ಕೆ ಗಿರಾಕಿ ಅಂಗಡಿಯಲ್ಲಿ ಬಯ್ಯುವುದಿಲ್ಲ, ಮನೆಗೆ ಹೋಗಿ ಬಿಚ್ಚಿದ ಮೇಲೆ ಬಯ್ಯುವುದು."

ಕಾಣದ ಅಕ್ಷರ

ಮಕ್ಕಳು ಬಸ್ಸು ಬೇಕೆಂದರು. 'ಬಸ್‌ಬಿಡಿಸು' ಎಂಬ ಹೆಸರಿಟ್ಟೆ. ಕಂಪ್ಯೂಟರು ಒಪ್ಪಲಿಲ್ಲ. ಹೆಸರಿನೊಳಗೆ ಕಣ್ಣಿಗೆ ಕಾಣದ ಅಕ್ಷರವೊಂದು ಇದೆ ಎಂದು ಇಂಗ್ಲಿಷಿನಲ್ಲಿ ಬರೆದು ತೋರಿಸಿತು. ಕನ್ನಡಕ ಒರೆಸಿದೆ. ಅಕ್ಷರ ದೊಡ್ಡದು ಮಾಡಿದೆ. ಬ, ಸ್, ಬಿ, ಡಿ, ಸು. ಎಲ್ಲವೂ ಕಾಣುತ್ತಿವೆ. ಕಾಣದ್ದನ್ನು ಹುಡುಕುವುದು ಹೇಗೆ? ಒಲೆಯ ಮೇಲಿನ ಹಾಲು ಉಕ್ಕಿ ಹರಿದರೂ ತಿಳಿಯಲಿಲ್ಲ.

ಕೊನೆಗೆ ಮೊಮ್ಮಗಳೇ ಕಂಡುಹಿಡಿದಳು. 'ಬಸ್' ಮುಂದೆ 'ಬಿಡಿಸು' ಬಂದರೆ, ಬ ಒತ್ತಕ್ಷರವಾಗಿ ಕೆಳಗಿಳಿಯುತ್ತದೆ. ಇಳಿಯದ ಹಾಗೆ ನಡುವೆ ಕಾಣದ ತಡೆಯೊಂದನ್ನು ಒತ್ತಿರುತ್ತೇವೆ. ಕನ್ನಡ ಟೈಪ್ ಮಾಡುವವರಿಗೆಲ್ಲ ಅದು ಕೈಯಭ್ಯಾಸ, ಒತ್ತಿದ್ದೇ ನೆನಪಿರುವುದಿಲ್ಲ.

ಯಜಮಾನರು ಹಾಲು ಒರೆಸುತ್ತಾ, "ಕಣ್ಣಿಗೆ ಕಾಣದ್ದೊಂದು ಒಳಗೆ ಸೇರಿಕೊಂಡಿದೆ ಅಂದರೆ ಇವಳನ್ನು ಯಾಕೆ ಕರೆದದ್ದು? ಊರಿಂದ ಭೂತ ಬಿಡಿಸುವ ದರ್ಶನದ ಪಾತ್ರಿಯನ್ನು ಕರೆಸಬೇಕಿತ್ತು" ಎಂದರು.

ಅಳಿಸು

ಪರದೆ ಸ್ವಚ್ಛ ಮಾಡಲು 'ಅಳಿಸು' ಎಂಬ ರ‍್ಯಾಪರ್ ಬರೆದೆ. ಆ ಭಾನುವಾರ ಮಕ್ಕಳಿಗೆ ತೋರಿಸಲೆಂದು ಮನೆ, ಬಸ್ಸು, ತೆಂಗಿನ ಮರ ಎಲ್ಲವನ್ನೂ ಕಷ್ಟಪಟ್ಟು ಒಂದೊಂದಾಗಿ ಬಿಡಿಸಿಟ್ಟಿದ್ದೆ. ತರಗತಿಯ ಅತಿ ಚಿಕ್ಕವಳು, ಮೂರನೆಯ ಕ್ಲಾಸಿನವಳು, ನಾನು ಬೇಡವೆನ್ನುವುದರೊಳಗೆ 'ಅಳಿಸು' ಎಂದು ಟೈಪ್ ಮಾಡಿದಳು. ಎಲ್ಲವೂ ಹೋಯಿತು. ಸೇವ್ ಮಾಡುವುದನ್ನು ನಾನಿನ್ನೂ ಕಲಿತಿರಲಿಲ್ಲ.

ಅವಳು ಪರದೆ ನೋಡಿದಳು, ಸುತ್ತ ನೋಡಿದಳು. "ಮಿಸ್, ಇದು ವರ್ಕ್ ಆಗಲ್ಲ. ಯಾರೂ ಅಳ್ತಾ ಇಲ್ವೇ."

ಹಿಂದಿನ ವಾರವಷ್ಟೇ 'ತಮ್ಮನನ್ನು ಅಳಿಸಬೇಡ' ಎಂಬ ವಾಕ್ಯ ಬರೆಸಿದ್ದೆ. ಅವಳಿಗೆ ಗೊತ್ತಿದ್ದ ಅಳಿಸು ಅದೊಂದೇ. ವಿವರಿಸಲು ಹೊರಟೆ. ಆದರೆ ಕೋಣೆ ಹೋಗುತ್ತದೆ, ತರಗತಿ ಹೋಗುತ್ತದೆ, ಈಗ ತೆಂಗಿನ ಮರವೂ ಹೋಯಿತು ಅನ್ನಿಸಿ ಕಣ್ಣು ತುಂಬಿಕೊಂಡವು.

ಪಕ್ಕದವಳು ಅವಳನ್ನು ತಿವಿದಳು. "ವರ್ಕ್ ಆಗುತ್ತೆ ಡೀ. ಮಿಸ್ ಕಡೆ ನೋಡು."

ಗೆರೆ

ವಾರ್ಷಿಕೋತ್ಸವ ಹತ್ತಿರ ಬಂದಾಗ ಕೆಲಸ ಹಂಚಿಕೊಂಡೆವು. ಎಂಜಿನ್ನಿನ ಜೊತೆ ಮಾತಾಡುವ ಒಳಗಿನ ರ‍್ಯಾಪರ್ ಮೊಮ್ಮಗಳದ್ದು. ಅದರ ಮೇಲೆ ಮಕ್ಕಳು ಬಳಸುವ ಕನ್ನಡ ಹೆಸರಿನ ಹೊದಿಕೆ ನನ್ನದು. ಅವಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಬರೆಯಲು ಬಾರದು. ಹಾಗಾಗಿ ಒಳಗಿನ ಹೆಸರುಗಳನ್ನು, ಕನ್ನಡದ ಮಾತುಗಳನ್ನೇ, ತಮಿಳು ಅಕ್ಷರದಲ್ಲಿ ಬರೆದುಕೊಂಡಳು. ನನಗೂ ತಮಿಳು ಓದಲು ಬರುತ್ತದಲ್ಲ, ತೊಂದರೆಯೇನು ಎಂದುಕೊಂಡೆ.

ಮಕ್ಕಳು ಬಿಡಿಸಬೇಕಾಗಿದ್ದದ್ದು ಸಂಘದ ಸುತ್ತಲಿನ ಬೀದಿಗಳ ನಕ್ಷೆ. 'ಗೆರೆ' ಎಂದರೆ ಒಂದು ಬೀದಿ. ಎಲ್ಲ ಸರಿಯಾಗಿತ್ತು. ಹಿಂದಿನ ದಿನ ಕಾರ್ಯದರ್ಶಿಗಳು ಬಂದು ನೋಡಿ, "ಮೂಲೆಯಲ್ಲಿ ಒಂದು ಕೆರೆ ಇದ್ದರೆ ನೋಡಲು ಲಕ್ಷಣ" ಎಂದರು. ಮೊಮ್ಮಗಳು ಕೊನೆಯಲ್ಲಿ 'ಕೆರೆ' ಸೇರಿಸಿದಳು. ಅದೊಂದನ್ನೇ ಓಡಿಸಿ ನೋಡಿದೆವು. ನೀಲಿ ಕೆರೆ ಚೆನ್ನಾಗಿಯೇ ಬಂತು.

ಮರುದಿನ ಸಭೆ ತುಂಬಿತ್ತು. ಮೂರನೆಯ ಕ್ಲಾಸಿನವಳು ಸ್ಟೂಲಿನ ಮೇಲೆ ನಿಂತು, ಸಂಘದ ಮುಂದಿನ ಬೀದಿಗೆಂದು 'ಗೆರೆ' ಟೈಪ್ ಮಾಡಿದಳು. ದೊಡ್ಡ ಪರದೆಯ ಮೇಲೆ ಕೆರೆ ಬಂತು. ಇನ್ನೊಂದು ಬೀದಿಗೆ ಇನ್ನೊಂದು ಕೆರೆ. ಅವಳು ನಿಲ್ಲಿಸಲಿಲ್ಲ, ಎಲ್ಲ ಬೀದಿಗಳನ್ನೂ ಹಾಕಿ ಮುಗಿಸಿದಳು. ಪರದೆಯಲ್ಲಿ ನೆಲವೇ ಉಳಿಯಲಿಲ್ಲ.

ನಾನು ಕುರ್ಚಿಯಿಂದ ಎದ್ದೆ. ಪಕ್ಕದಲ್ಲಿ ಮೊಮ್ಮಗಳು, "ನೇತ್ತು ವರ್ಕ್ ಆಚ್ಚು ಅಜ್ಜಿ" ಎಂದು ಪಿಸುಗುಟ್ಟಿದಳು. ನಿನ್ನೆ ಆಗುತ್ತಿತ್ತಂತೆ. ಆಗ ಹೊಳೆಯಿತು. ತಮಿಳಿನಲ್ಲಿ ಕ-ಗ ಎರಡಕ್ಕೂ ಒಂದೇ ಅಕ್ಷರ. ಒಳಗೆ ಗೆರೆಯ ಹೆಸರೂ ಅದೇ, ಕೆರೆಯ ಹೆಸರೂ ಅದೇ. ಒಂದೇ ಹೆಸರು ಎರಡು ಸಲ ಬಂದರೆ ಕಂಪ್ಯೂಟರು ಕೊನೆಯದ್ದನ್ನು ಇಟ್ಟುಕೊಳ್ಳುತ್ತದೆ.

ಕಾರ್ಯದರ್ಶಿಗಳು ಮುಂದಿನ ಸಾಲಿನಿಂದ ಎದ್ದರು. "ಮರೀ, ಬೀದಿಗಳೆಲ್ಲಿ?"

ಅವಳು ಸ್ಟೂಲಿನ ಮೇಲಿಂದಲೇ ಹೇಳಿದಳು: "ಸಾರ್, ಮಳೆ ಬಂದಿದೆ. ತಣ್ಣಿ ಇಳಿದ ಮೇಲೆ ಕಾಣುತ್ತೆ."

ಸಭೆಯೆಲ್ಲ ನಕ್ಕಿತು. ಹಿಂದಿನಿಂದ ಯಾರೋ, "ನಮ್ಮ ಬೀದಿ ಇನ್ನೂ ಆಳ, ಸರಿಯಾಗಿ ಹಾಕಮ್ಮ" ಎಂದರು. ಮಳೆಗಾಲದ ಚೆನ್ನೈಯನ್ನು ಕಂಡವರೆಲ್ಲ ಚಪ್ಪಾಳೆ ತಟ್ಟಿದರು. ನಾನು ಮಾತ್ರ ಕುರ್ಚಿ ಹಿಡಿದು ನಿಂತಿದ್ದೆ, ಕಾರ್ಯದರ್ಶಿಗಳ ಮುಖ ನೋಡುತ್ತಾ.

ಸಭೆ ಮುಗಿದ ಮೇಲೆ ನಡೆದದ್ದನ್ನೆಲ್ಲ ಅವರಿಗೆ ಒಪ್ಪಿಸಿದೆ. ಅವರು, "ಯೋಗದವರಿಗೆ ಕೆಳಗಿನ ಹಾಲ್ ಕೊಡೋಣ. ತರಗತಿ ನಡೆಯಲಿ. ಆದರೆ ಈ ಹುಡುಗಿಯನ್ನೂ ಸೇರಿಸಿಕೊಳ್ಳಿ" ಎಂದು ಮೊಮ್ಮಗಳ ಕಡೆ ಕೈ ತೋರಿಸಿದರು.

ಈಗ ಅವಳು ಭಾನುವಾರ ಮಕ್ಕಳ ಮುಂದಿನ ಪುಟ್ಟ ಬೆಂಚಿನಲ್ಲಿ, ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂರುತ್ತಾಳೆ. ಮೊನ್ನೆ ನನ್ನ ಹುಟ್ಟುಹಬ್ಬಕ್ಕೆ ತಾನೇ ಒಂದು ಕಾರ್ಡು ಮಾಡಿ, ಜೀವನದಲ್ಲಿ ಮೊದಲ ಬಾರಿಗೆ ಕನ್ನಡ ಅಕ್ಷರದಲ್ಲಿ ಒಂದು ವಾಕ್ಯ ಬರೆದುಕೊಟ್ಟಳು. ಅಕ್ಷರ ದುಂಡಗಿತ್ತು. ಗುರು ಎಂದು ಬರೆಯಲು ಹೋಗಿದ್ದಳು ಅನ್ನುವುದು ನನಗೆ ತಿಳಿಯಿತು. ಬರೆದದ್ದು ಇಷ್ಟು: 'ಅಜ್ಜಿಯೇ ನನ್ನ ಮೊದಲ ಕುರು.'

ಯಜಮಾನರು ಕಾರ್ಡನ್ನು ಬೆಳಕಿಗೆ ಹಿಡಿದು ಓದಿದರು. ಆಮೇಲೆ ಮೊಮ್ಮಗಳ ಕಡೆ ತಿರುಗಿ ಕೇಳಿದರು: "ನೋವು ಜೋರಾ? ಮದ್ದು ಹಚ್ಚಿದ್ಯಾ?"